ಹೊಟ್ಟಿನ ಬೂದಿ ಒಂದೇ ಅಲ್ಲ, ಮೂರು ಬಗೆ

ಮಾನ್ಯ ಸಂಪಾದಕರೇ,

ಭತ್ತದ ಹೊಟ್ಟಿನ ಬೂದಿಯಿಂದ ಸಿಮೆಂಟು, ಟೈರು, ಟೂತ್‌ಪೇಸ್ಟು ಎಲ್ಲವನ್ನೂ ಮಾಡಬಹುದು ಎಂಬ ಬರಹಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಅವು ಸುಳ್ಳಲ್ಲ, ಅರ್ಧ ಮಾತ್ರ ನಿಜ. ಅದನ್ನು ಓದಿದ ಗುತ್ತಿಗೆದಾರರೊಬ್ಬರು ಮಿಲ್ಲಿನ ಹಿಂದಿನ ಗುಡ್ಡೆಯಿಂದ ಒಂದು ಟ್ರಾಲಿ ಬೂದಿ ತುಂಬಿಸಿಕೊಂಡು ಹೋಗಿ ಕಾಂಕ್ರೀಟಿಗೆ ಬೆರೆಸಿದರೆ, ಒಂದು ಕಡೆ ಗಟ್ಟಿ ಗೋಡೆ ಎದ್ದೀತು, ಇನ್ನೊಂದು ಕಡೆ ಬಿರುಕು ಬಿಟ್ಟ ಚಪ್ಪಡಿ ಉಳಿದೀತು. ಎರಡೂ ಹೊಟ್ಟಿನ ಬೂದಿಯೇ, ಎರಡರಲ್ಲೂ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತುವೇ, ಇರಬಹುದು. ವ್ಯತ್ಯಾಸ ಹುಟ್ಟುವುದು ಒಲೆಯಲ್ಲಿ. ಆ ಬಿಟ್ಟುಹೋದ ಅರ್ಧದ ಬಗ್ಗೆ ಈ ಪತ್ರ.

ಮೊದಲು ಲೆಕ್ಕ. ಒಂದು ಟನ್ ಭತ್ತ ಗಿರಣಿಗೆ ಹಾಕಿದರೆ ಸುಮಾರು 200 ಕೆ.ಜಿ. ಹೊಟ್ಟು ಬರುತ್ತದೆ. ಅದನ್ನು ಪೂರ್ತಿ ಸುಟ್ಟರೆ 40 ಕೆ.ಜಿ. ಬೂದಿ. ಸೌದೆ ಸುಟ್ಟರೆ ನೂರಕ್ಕೆ ಒಂದೆರಡು ಪಾಲು ಬೂದಿ ಉಳಿದರೆ, ಹೊಟ್ಟಿನಲ್ಲಿ ನೂರಕ್ಕೆ ಇಪ್ಪತ್ತು. ಗಂಟೆಗೆ 4 ಟನ್ ಭತ್ತ ಅರೆಯುವ ಮಿಲ್ಲು ದಿನಕ್ಕೆ 20 ಗಂಟೆ ಓಡಿ, ಬಂದ ಹೊಟ್ಟನ್ನೆಲ್ಲ ತನ್ನ ಬಾಯ್ಲರಿಗೇ ಹಾಕಿದರೆ ದಿನಕ್ಕೆ 3 ಟನ್ನಿಗೂ ಮೀರಿ ಬೂದಿ ಬೀಳುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ರಸ್ತೆಗಳಲ್ಲಿ ಓಡಾಡುವವರಿಗೆ ಈ ಬೂದಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೇಸಿಗೆ ಗಾಳಿಗೆ ಅದು ತಾನೇ ಮನೆ ಬಾಗಿಲಿಗೆ ಬರುತ್ತದೆ.

ಭತ್ತದ ಗಿಡ ಇಷ್ಟು ಸಿಲಿಕಾ ಕೂಡಿಡುವುದು ಮಣ್ಣಿನ ನೀರಿನಲ್ಲಿ ಕರಗಿರುವ ಸಿಲಿಸಿಕ್ ಆಮ್ಲವನ್ನು ಬೇರಿನಿಂದ ಎಳೆದುಕೊಂಡು. ಹಾಗೆ ಎಳೆಯಲು ಬೇರಿನಲ್ಲಿ ಪ್ರತ್ಯೇಕ ಬಾಗಿಲೇ ಇದೆ. ಆ ಬಾಗಿಲನ್ನು ಕಟ್ಟುವ ವಂಶವಾಹಿಯನ್ನು ಜಪಾನಿನ ವಿಜ್ಞಾನಿಗಳು 2006ರಲ್ಲಿ ಗುರುತಿಸಿದರು. ಹೆಕ್ಟೇರಿಗೆ 5 ಟನ್ ಭತ್ತ ಕೊಡುವ ಬೆಳೆ 230ರಿಂದ 470 ಕೆ.ಜಿ.ವರೆಗೆ ಸಿಲಿಕಾನ್ (ಸಿಲಿಕಾದ ಮೂಲಧಾತು) ಎಳೆದುಕೊಳ್ಳುತ್ತದೆ. ಕಳೆ ಕೀಳುವವರ ಕೈ ಗೀರುವ ಎಲೆಯ ಅಂಚು, ದನ ಮೂಸಿ ಬಿಟ್ಟುಬಿಡುವ ಹೊಟ್ಟು, ಎರಡರ ಹಿಂದೆಯೂ ಇರುವುದು ಇದೇ. ಹೀಗೆ ಗಿಡದೊಳಗೆ ಕೂತ ಸಿಲಿಕಾಕ್ಕೆ ಹರಳಿನ ಕಟ್ಟು ಇರುವುದಿಲ್ಲ. ಹೊಳೆ ಮರಳೂ ಸಿಲಿಕಾವೇ ಆದರೂ ಅದರಲ್ಲಿ ಅಣುಗಳು ಸಾಲು ಹಿಡಿದು ಬಿಗಿಯಾಗಿ ಕೂತಿವೆ. ಹೊಟ್ಟಿನಲ್ಲಿ ಅವು ಅಡ್ಡಾದಿಡ್ಡಿ, ನಡುವೆ ಸಂದುಗೊಂದು. ಕಾಸ್ಟಿಕ್ ಸೋಡಾ ನೀರಿನಲ್ಲಿ ಒಂದು ಚಮಚ ಮರಳು ಹಾಕಿ ಅರ್ಧ ಗಂಟೆ ಕುದಿಸಿ, ಮರಳು ಹಾಗೇ ಇರುತ್ತದೆ. ಹದವಾಗಿ ಸುಟ್ಟ ಹೊಟ್ಟಿನ ಬೂದಿ ಹಾಕಿ, ಹೆಚ್ಚುಕಮ್ಮಿ ಪೂರ್ತಿ ಕರಗಿ ತಳದಲ್ಲಿ ಒಂದಿಷ್ಟು ಕರಿ ಉಳಿಯುತ್ತದೆ. ಬೂದಿಗೆ ಬೆಲೆ ಬರುವುದು ಈ ಕರಗುವ ಗುಣದಿಂದ.

ಆ ಗುಣ ಉಳಿಯುವುದೋ ಹೋಗುವುದೋ ಎಂಬುದನ್ನು ಬಿಸಿ ಮತ್ತು ಹೊತ್ತು ನಿರ್ಧರಿಸುತ್ತವೆ. 700 ಡಿಗ್ರಿ ಸೆಲ್ಸಿಯಸ್ ಒಳಗೆ ಸುಟ್ಟರೆ ಸಿಲಿಕಾ ಅಡ್ಡಾದಿಡ್ಡಿಯಾಗಿಯೇ ಉಳಿಯುತ್ತದೆ. 800 ದಾಟಿ, ಹೊತ್ತೂ ಹೆಚ್ಚಾದರೆ ಅಣುಗಳು ಸಾಲು ಹಿಡಿಯತೊಡಗುತ್ತವೆ, ಕ್ರಿಸ್ಟೋಬಲೈಟ್ ಎಂಬ ಹರಳು ಹುಟ್ಟುತ್ತದೆ. ಪುಸ್ತಕದ ಪ್ರಕಾರ ಶುದ್ಧ ಸಿಲಿಕಾ ಕ್ರಿಸ್ಟೋಬಲೈಟ್ ಆಗಲು 1470 ಡಿಗ್ರಿ ಬೇಕು. ಆ ಅಂಕಿ ನೋಡಿ ನಮ್ಮ ಬಾಯ್ಲರಿನಲ್ಲಿ ಅಷ್ಟು ಬಿಸಿ ಎಲ್ಲಿಯದು ಎನ್ನುವವರು ಇದ್ದಾರೆ. ಹೊಟ್ಟಿನಲ್ಲಿರುವ ಪೊಟ್ಯಾಸಿಯಂ ಈ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಅದು ಸಿಲಿಕಾದ ಜೊತೆ ಸೇರಿ ಮೇಲ್ಮೈಯನ್ನು ಮೆತ್ತಗೆ ಮಾಡಿ, ಹರಳು ಕಟ್ಟುವುದನ್ನು ನೂರಾರು ಡಿಗ್ರಿ ಕೆಳಗೇ ಶುರು ಮಾಡಿಸುತ್ತದೆ. ಅದೇ ಪೊಟ್ಯಾಸಿಯಂ ಇನ್ನೊಂದು ಕಿತಾಪತಿಯನ್ನೂ ಮಾಡುತ್ತದೆ. ಕರಗಿದ ಪದರ ಕಣದ ಮೇಲೆ ಗಾಜಿನ ಮುಚ್ಚಳದ ಹಾಗೆ ಕೂತು, ಒಳಗಿನ ಇಂಗಾಲಕ್ಕೆ ಗಾಳಿ ಸಿಗದಂತೆ ಮಾಡುತ್ತದೆ. ಬಿಸಿ ಹೆಚ್ಚಿಸಿದರೂ ಬೂದಿ ಕರಿಯಾಗಿಯೇ ಉಳಿಯುವುದು ಇದರಿಂದ. ಆಗ ಬಾಯ್ಲರ್ ನೋಡಿಕೊಳ್ಳುವವರು ಗಾಳಿ ಇನ್ನಷ್ಟು ಬಿಡುತ್ತಾರೆ, ಬಿಸಿ ಇನ್ನೂ ಏರುತ್ತದೆ, ಕರಿಯೂ ಹೋಗುವುದಿಲ್ಲ, ಹರಳೂ ಕಟ್ಟುತ್ತದೆ, ಜಾಲರಿಯ ಮೇಲೆ ಕಿಟ್ಟ ಬೇರೆ.

‘ಉಮಿಯ ಬೆಂಕಿಯಂತೆ ಒಳಗೊಳಗೇ’ ಎಂಬ ನಮ್ಮ ಮಾತು ಈ ವಿಷಯದಲ್ಲಿ ವಿಜ್ಞಾನಕ್ಕೆ ಹತ್ತಿರ. ಗುಡ್ಡೆ ಹಾಕಿದ ಉಮಿ ಉರಿಯದೆ, ಗಾಳಿ ಕಡಿಮೆಯಾಗಿ, ದಿನಗಟ್ಟಲೆ ಬೇಯುತ್ತದೆ. ಬಿಸಿ ಏರದ್ದರಿಂದ ಸಿಲಿಕಾ ಕೆಡುವುದಿಲ್ಲ, ಆದರೆ ಇಂಗಾಲ ತುಂಬಾ ಉಳಿಯುತ್ತದೆ. ಹಳಬರು ಉಪ್ಪು ಸೇರಿಸಿ ಹಲ್ಲುಜ್ಜುತ್ತಿದ್ದ ಉಮಿಯ ಕರಿ ಈ ಜಾತಿಯದು. ಇಂದಿನ ಟೂತ್‌ಪೇಸ್ಟಿನಲ್ಲಿ ಹಲ್ಲುಜ್ಜುವ ಕೆಲಸ ಮಾಡುವುದೂ ಹರಳಿಲ್ಲದ ಸಿಲಿಕಾವೇ.

ಹೀಗೆ ಬೂದಿ ಮೂರು ಬಗೆ. ತಣ್ಣಗೆ ಬೆಂದ ಕರಿ ಬೂದಿ, 600ರಿಂದ 700 ಡಿಗ್ರಿಯಲ್ಲಿ ಹದವಾಗಿ ಸುಟ್ಟ ಬೂದುಬಣ್ಣದ ಬೂದಿ, ಜೋರು ಬೆಂಕಿಯಲ್ಲಿ ಬಿಳಿ ಅಥವಾ ನಸುಗೆಂಪಿಗೆ ತಿರುಗಿದ ಹರಳು ಬೂದಿ. ಬಿಳಿಯದು ಕಣ್ಣಿಗೆ ಚಂದ, ಕೊಳ್ಳುವವರೂ ಅದನ್ನೇ ಕೇಳುತ್ತಾರೆ. ಸಿಮೆಂಟಿನ ಕೆಲಸಕ್ಕೆ ಮೂರರಲ್ಲಿ ಅದೇ ಕೆಟ್ಟದ್ದಾಗಿರುವ ಸಾಧ್ಯತೆ ಹೆಚ್ಚು. ಹೊಟ್ಟನ್ನು ಮೊದಲೇ ಆಮ್ಲದಲ್ಲಿ ತೊಳೆದು ಪೊಟ್ಯಾಸಿಯಂ ತೆಗೆದಿದ್ದರೆ ಮಾತು ಬೇರೆ. ಒಂದು ನಾರ್ಮಲ್ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಒಂದು ಗಂಟೆ ಕುದಿಸಿ, ಚೆನ್ನಾಗಿ ತೊಳೆದು, ಒಣಗಿಸಿ 600–700 ಡಿಗ್ರಿಯಲ್ಲಿ ಸುಟ್ಟರೆ ನೂರಕ್ಕೆ 99 ಪಾಲು ಶುದ್ಧ, ಹಾಲುಬಿಳಿ, ಹರಳಿಲ್ಲದ ಸಿಲಿಕಾ ಸಿಗುತ್ತದೆ. ಪ್ರಯೋಗಾಲಯಕ್ಕೆ ಇದು ಸರಿ. ದಿನಕ್ಕೆ 16 ಟನ್ ಹೊಟ್ಟು ಬರುವ ಮಿಲ್ಲಿಗೆ ಅಷ್ಟು ಆಮ್ಲದ ನೀರನ್ನು ಎಲ್ಲಿ ಬಿಡುವುದು?

ಈಗ ಸಿಮೆಂಟಿನ ವಿಷಯ. ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಪಕ್ಕದಲ್ಲೇ ಸುಣ್ಣ ಹುಟ್ಟುತ್ತದೆ. ಆ ಸುಣ್ಣದಿಂದ ಬಲವೇನೂ ಬರದು, ನೀರಿಗೆ ದಾರಿಯಾಗುತ್ತದೆ ಅಷ್ಟೇ. ಹರಳಿಲ್ಲದ ಸಿಲಿಕಾ ಅದನ್ನು ಹಿಡಿದು ಸಿಮೆಂಟಿನ ಅಂಟಿನಂಥದೇ ಅಂಟನ್ನು ಕಟ್ಟುತ್ತದೆ, ಸಂದುಗಳು ಮುಚ್ಚುತ್ತವೆ, ಉಪ್ಪುನೀರು ಕಬ್ಬಿಣಕ್ಕೆ ತಲಪುವುದು ತಡವಾಗುತ್ತದೆ. ಕರಾವಳಿಯ ಕಟ್ಟಡಗಳಿಗೂ ತುಂಗಭದ್ರಾ ಅಚ್ಚುಕಟ್ಟಿನ ಸವಳು ನೆಲಕ್ಕೂ ಇದು ಸಣ್ಣ ಮಾತಲ್ಲ. 1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಪಿ.ಕೆ. ಮೆಹ್ತಾ ಇದನ್ನು ಖಚಿತವಾಗಿ ತೋರಿಸಿದರು. ನಮ್ಮ ದೇಶದ ಕಾಂಕ್ರೀಟ್ ಸಂಹಿತೆ ಐಎಸ್ 456 ಕೂಡ ತನ್ನ 2000ದ ಆವೃತ್ತಿಯಲ್ಲಿ ಹೊಟ್ಟಿನ ಬೂದಿಗೆ ಅವಕಾಶ ಕೊಟ್ಟಿದೆ. ಆದರೆ ಅಲ್ಲೇ ಒಂದು ಟಿಪ್ಪಣಿಯೂ ಇದೆ. ಪ್ರತಿ ಮೂಲದ ಬೂದಿಯನ್ನೂ ಪರೀಕ್ಷಿಸಲೇಬೇಕು, ಕೆಟ್ಟ ಬೂದಿ ಕಾಂಕ್ರೀಟಿಗೆ ಹೂಳು ಮಣ್ಣಿನಷ್ಟೇ ಹಾನಿ ಮಾಡಬಲ್ಲದು ಎಂಬ ಅರ್ಥದ ಮಾತು. ಅವಕಾಶ ಕೊಟ್ಟ ಸಾಲನ್ನು ಎಲ್ಲರೂ ಎತ್ತಿ ಹೇಳುತ್ತಾರೆ, ಟಿಪ್ಪಣಿಯನ್ನು ಯಾರೂ ಓದಿದಂತೆ ಕಾಣುವುದಿಲ್ಲ.

ಸಿಮೆಂಟಿನ ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಬೂದಿ ಹಾಕುವುದು ಸರಿಯಾದ ಮಿತಿ. ಘನ ಮೀಟರಿಗೆ 350 ಕೆ.ಜಿ. ಬೇಕಾದಲ್ಲಿ 315 ಕೆ.ಜಿ. ಸಿಮೆಂಟು, 35 ಕೆ.ಜಿ. ಬೂದಿ. ಇಲ್ಲಿ ಎಲ್ಲರೂ ಎಡವುವ ಕಲ್ಲು ಅಳತೆ. ಬೂದಿ ಹಗುರ, ಬುಟ್ಟಿಯಲ್ಲಿ ಅಳೆದರೆ ತೂಕದ ಲೆಕ್ಕ ಸಿಗುವುದೇ ಇಲ್ಲ. ತಕ್ಕಡಿ ಬೇಕು. ಎರಡನೆಯದು ಅರೆತ. ಸುಟ್ಟ ಹೊಟ್ಟಿನ ಚೂರನ್ನು ಭೂತಗನ್ನಡಿಯಲ್ಲಿ ನೋಡಿದರೆ ಜೇನುಗೂಡಿನಂತೆ ತೂತು ತೂತು. ಅದನ್ನು ಹಾಗೇ ಹಾಕಿದರೆ ಸ್ಪಂಜಿನಂತೆ ನೀರು ಹೀರುತ್ತದೆ, ಮೇಸ್ತ್ರಿ ಮಾಲು ಗಟ್ಟಿಯಾಯಿತೆಂದು ಇನ್ನೊಂದು ಕೊಡ ನೀರು ಸುರಿಯುತ್ತಾರೆ, ಬಲ ಅಲ್ಲೇ ಹೋಯಿತು. ಬಾಲ್ ಮಿಲ್ಲಿನಲ್ಲಿ ಅರೆದು ಬಹುಪಾಲು ಪುಡಿ 45 ಮೈಕ್ರಾನ್ ಜರಡಿಯಲ್ಲಿ ಇಳಿಯುವಂತಿರಬೇಕು. ಹಾಗೆ ಅರೆದ ಮೇಲೂ ನೀರಿನ ಬೇಡಿಕೆ ಸ್ವಲ್ಪ ಹೆಚ್ಚೇ. ಅದನ್ನು ನೀರು ಹೆಚ್ಚಿಸದೆ ಮಾಲನ್ನು ಸಡಿಲಗೊಳಿಸುವ ಸೂಪರ್‌ಪ್ಲಾಸ್ಟಿಸೈಸರ್ ದ್ರಾವಣ ಹಾಕಿ ಸರಿದೂಗಿಸಬೇಕು, ನೀರು ಸೇರಿಸಿ ಅಲ್ಲ. ಬೂದಿಯಲ್ಲಿ ಕರಿ ಹೆಚ್ಚಿದ್ದರೆ ಆ ದ್ರಾವಣವನ್ನೂ ಕರಿಯೇ ನುಂಗಿಬಿಡುತ್ತದೆ, ಎಷ್ಟು ಹಾಕಿದರೂ ಮಾಲು ಸಡಿಲವಾಗುವುದಿಲ್ಲ. ಮೂರನೆಯದು ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ಒದ್ದೆಯಾಗಿಡುವುದು. ಬೂದಿಯ ಕೆಲಸ ನಿಧಾನ. ಏಳು ದಿನಕ್ಕೆ ನೀರು ನಿಲ್ಲಿಸಿದರೆ ಅದು ಕೆಲಸಕ್ಕೆ ಕೈ ಹಾಕುವ ಮೊದಲೇ ಮನೆಗೆ ಕಳಿಸಿದ ಹಾಗೆ. 14 ದಿನವಾದರೂ ಒದ್ದೆ ಗೋಣಿ ಬೇಕು.

ಕಬ್ಬಿಣವಿಲ್ಲದ ಕೆಲಸಕ್ಕೆ, ಅಂದರೆ ಕಲ್ಲು–ಇಟ್ಟಿಗೆ ಕಟ್ಟುವ ಗಾರೆಗೆ, ಒಳಗಿಲಾವಿಗೆ, ಸಿಮೆಂಟೇ ಬೇಡ. ಎರಡು ಪಾಲು ಬೂದಿ, ಒಂದು ಪಾಲು ಹೊಸದಾಗಿ ಅರಳಿಸಿದ ಸುಣ್ಣ, ತೂಕದಲ್ಲಿ, ಎರಡನ್ನೂ ಒಟ್ಟಿಗೆ ಅರೆದರೆ ನೀರಿನಲ್ಲೂ ಗಟ್ಟಿಯಾಗುವ ಗಾರೆ ಸಿಗುತ್ತದೆ. ಕಾನ್ಪುರದ ಐಐಟಿಯಲ್ಲಿ ಇಂಥದೊಂದು ಗಾರೆಯ ಮೇಲೆ ಹಿಂದೆಯೇ ಕೆಲಸ ನಡೆದಿದೆ. ಗಾಳಿಗೆ ಬಿಟ್ಟು ತಿಂಗಳಾದ ಸುಣ್ಣ ಆಗದು, ಅದು ಅರ್ಧ ಸೀಮೆಸುಣ್ಣವಾಗಿರುತ್ತದೆ. ಈ ಗಾರೆಯ ಬಣ್ಣ ಕಪ್ಪು, ಹಿಡಿತ ನಿಧಾನ, ಎರಡು ಮೂರು ವಾರ ನೀರು ಬೇಕು. ಆತುರದ ಗುತ್ತಿಗೆದಾರರಿಗೆ ಇದು ಹೇಳಿದ್ದಲ್ಲ.

ಇನ್ನು ಪರೀಕ್ಷೆ. ಇದಕ್ಕೆ ಕೋಟಿಯ ಯಂತ್ರ ಬೇಕು ಎಂಬ ನೆಪ ಕೇಳಿಬರುತ್ತದೆ. ಬೇಕಾದದ್ದು ಒಂದು ಮಫಲ್ ಕುಲುಮೆ (ಪ್ರಯೋಗಾಲಯದ ಮುಚ್ಚಿದ ಕುಲುಮೆ), ಮಿಲಿಗ್ರಾಂ ತೋರಿಸುವ ತಕ್ಕಡಿ, ಒಂದು ಸ್ಟೀಲ್ ಪಾತ್ರೆ, ಕಾಸ್ಟಿಕ್ ಸೋಡಾ. ಬಹುತೇಕ ಎಂಜಿನಿಯರಿಂಗ್ ಮತ್ತು ವಿಜ್ಞಾನ ಕಾಲೇಜುಗಳಲ್ಲಿ ಇವೆಲ್ಲ ಇವೆ. ಗುಡ್ಡೆಯ ಹತ್ತು ಕಡೆಯಿಂದ, ಮೇಲಿನ ಪದರ ಸರಿಸಿ, ಒಂದೊಂದು ಸಲಿಕೆ ಬೂದಿ ತೆಗೆದು ರಾಶಿ ಹಾಕಿ ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಬಿಸಾಡಿ, ಉಳಿದದ್ದನ್ನು ಮತ್ತೆ ರಾಶಿ ಹಾಕಿ, ಹೀಗೆ ಒಂದು ಕೆ.ಜಿ.ಗೆ ಇಳಿಸಬೇಕು. ಒಂದೇ ಮೂಲೆಯಿಂದ ತುಂಬಿಸಿ ತಂದ ಕವರನ್ನು ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. 105 ಡಿಗ್ರಿಯಲ್ಲಿ ಒಣಗಿಸಿ, ಒಂದು ಗ್ರಾಂ ತೂಗಿ, ಮೂಸೆಯಲ್ಲಿಟ್ಟು 900 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಸುಟ್ಟರೆ ಕಳೆದುಹೋದ ತೂಕವೇ ಹೆಚ್ಚುಕಮ್ಮಿ ಕರಿಯ ಪಾಲು. ಕಲ್ಲಿದ್ದಲಿನ ಹಾರುಬೂದಿಗೆ ಐಎಸ್ 3812 ಹಾಕಿರುವ ಮಿತಿ ನೂರಕ್ಕೆ 5. ಹೊಟ್ಟಿನ ಬೂದಿಗೂ ಅದನ್ನೇ ಗುರಿಯಾಗಿಟ್ಟುಕೊಳ್ಳುವುದು ಒಳ್ಳೆಯದು, 10 ದಾಟಿದ್ದನ್ನು ಕಾಂಕ್ರೀಟಿನ ಹತ್ತಿರವೂ ಬಿಡಬಾರದು.

ಎರಡನೆಯ ಪರೀಕ್ಷೆ ಕರಗುವಿಕೆಯದು. ನುಣ್ಣಗೆ ಅರೆದ ಒಣ ಬೂದಿ 2 ಗ್ರಾಂ, ನೂರಕ್ಕೆ ಹತ್ತರ ಕಾಸ್ಟಿಕ್ ಸೋಡಾ ದ್ರಾವಣ 50 ಮಿ.ಲೀ. ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿ 30 ನಿಮಿಷ ಸಣ್ಣಗೆ ಕುದಿಸಿ, ಆವಿಯಾದಷ್ಟು ಬಿಸಿನೀರು ಸೇರಿಸುತ್ತಿರಿ. ಅಲ್ಯೂಮಿನಿಯಂ ಪಾತ್ರೆ ಖಂಡಿತ ಬೇಡ, ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ಗಾಜಿನ ಬೀಕರೂ ಬೇಡ. ಗಾಜು ಕೂಡ ಸಿಲಿಕಾವೇ, ಅದೂ ಕರಗಿ ಲೆಕ್ಕ ತಪ್ಪಿಸುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಇಲ್ಲದೆ ಕುದಿಯುವ ಕಾಸ್ಟಿಕ್ ಹತ್ತಿರ ವಿದ್ಯಾರ್ಥಿಗಳನ್ನು ಬಿಡಬೇಡಿ. ಕುದಿಸಿದ್ದಕ್ಕೆ 100 ಮಿ.ಲೀ. ಬಿಸಿನೀರು ಹಾಕಿ ತೆಳುಮಾಡಿ ಸೋಸಿ, ಇಲ್ಲದಿದ್ದರೆ ಸೋಸುವ ಕಾಗದವೇ ಜೀರ್ಣವಾದೀತು. ಉಳಿದ ಗಸಿಯನ್ನು ಬಿಸಿನೀರಿನಲ್ಲಿ ತೊಳೆದು, ಕಾಗದ ಸಮೇತ 700 ಡಿಗ್ರಿಯಲ್ಲಿ ಸುಟ್ಟು ತೂಗಿದರೆ, ಅದು ಹರಳು ಸಿಲಿಕಾ ಮತ್ತು ಮರಳು. ಗಂಟೆಗಟ್ಟಲೆ ಕುದಿಸಿದರೆ ಹರಳೂ ಅಷ್ಟಿಷ್ಟು ಕರಗುತ್ತದೆ. ಹಾಗಾಗಿ 30 ನಿಮಿಷ ಎಂದರೆ ಎಲ್ಲ ಮಾದರಿಗೂ 30 ನಿಮಿಷವೇ.

ಈ ಮರಳಿನ ಮಾತು ಸುಮ್ಮನೆ ಬಂದದ್ದಲ್ಲ. ವಿಶ್ವವಿದ್ಯಾಲಯಕ್ಕೆ ಕಳಿಸಿ, ಹರಳು ಇದೆಯೇ ಎಂದು ತೋರಿಸುವ ಎಕ್ಸ್‌ರೇ ಡಿಫ್ರಾಕ್ಷನ್ ಪರೀಕ್ಷೆ ಮಾಡಿಸಿದರೆ ಒಂದು ಗೆರೆಚಿತ್ರ ಬರುತ್ತದೆ. ಒಳ್ಳೆಯ ಬೂದಿಗೆ 22 ಡಿಗ್ರಿ ಕೋನದ (ಇಲ್ಲಿ ಡಿಗ್ರಿ ಎಂದರೆ ಬಿಸಿಯಲ್ಲ) ಸುತ್ತ ಅಗಲವಾದ ಒಂದು ದಿಬ್ಬ ಮಾತ್ರ. ಕ್ರಿಸ್ಟೋಬಲೈಟ್ ಇದ್ದರೆ ಅದೇ ಜಾಗದಲ್ಲಿ, ದಿಬ್ಬದ ನೆತ್ತಿಯ ಮೇಲೆ, ಸೂಜಿಯಂಥ ಒಂದು ಮೊನೆ ಏಳುತ್ತದೆ. ಎರಡೂ ಒಂದೇ ಜಾಗದಲ್ಲಿರುವುದರಿಂದ ಸಣ್ಣ ಮೊನೆಯನ್ನು ಅವಸರದಲ್ಲಿ ನೋಡುವವರು ದಿಬ್ಬದ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. 26.6 ಡಿಗ್ರಿಯಲ್ಲಿ ಮೊನೆ ಎದ್ದರೆ ಅದು ಕ್ವಾರ್ಟ್ಸ್, ಅಂದರೆ ಮರಳು. ಅದು ಒಲೆಯ ತಪ್ಪಲ್ಲ, ಹೊಟ್ಟನ್ನೋ ಬೂದಿಯನ್ನೋ ಬರಿನೆಲದ ಮೇಲೆ ಗುಡ್ಡೆ ಹಾಕಿ ಜೆಸಿಬಿಯಲ್ಲಿ ಎತ್ತಿದ್ದರ ಗುರುತು. ಒಂದು ಕಾಂಕ್ರೀಟ್ ಹಾಸು ಹಾಕಿದರೆ ಮುಗಿಯುವ ಸಮಸ್ಯೆ.

ಸಿಮೆಂಟಿಗಿಂತ ಹೆಚ್ಚು ಬೆಲೆ ಬರುವುದು ಬೂದಿಯಿಂದ ಸಿಲಿಕಾ ತೆಗೆದರೆ. ಟೈರಿನ ರಬ್ಬರಿಗೆ, ಬಣ್ಣಕ್ಕೆ, ಔಷಧದ ಡಬ್ಬಿಯಲ್ಲಿರುವ ಸಿಲಿಕಾ ಜೆಲ್ ಪೊಟ್ಟಣಕ್ಕೆ ಬೇಕಾಗುವುದು ಅದೇ. ವಿಧಾನವೂ ಕಷ್ಟದ್ದಲ್ಲ. ಪ್ರಯೋಗಾಲಯದ ಮಟ್ಟದಲ್ಲಿ 10 ಗ್ರಾಂ ಬೂದಿಗೆ 2.5 ನಾರ್ಮಲ್ ಕಾಸ್ಟಿಕ್ 80 ಮಿ.ಲೀ. ಹಾಕಿ, ಮುಚ್ಚಿದ ಪಾತ್ರೆಯಲ್ಲಿ ಮೂರು ಗಂಟೆ ಕಲಕುತ್ತ ಕುದಿಸಿ ಸೋಸಿದರೆ ಸಿಗುವ ತಿಳಿ ದ್ರವವೇ ಸೋಡಿಯಂ ಸಿಲಿಕೇಟ್. ಅದಕ್ಕೆ ತೆಳು ಗಂಧಕಾಮ್ಲವನ್ನು ಹನಿಹನಿಯಾಗಿ ಬಿಡುತ್ತ ಬಂದರೆ ಪಿಎಚ್ 10ರ ಹತ್ತಿರ ಮಬ್ಬು ಕಟ್ಟಿ, 7ಕ್ಕೆ ಬರುವಷ್ಟರಲ್ಲಿ ಗಂಜಿಯಂತೆ ಹೆಪ್ಪುಗಟ್ಟುತ್ತದೆ. ಕೆಡುವುದು ಇಲ್ಲೇ. ಆಮ್ಲವನ್ನು ಒಮ್ಮೆಲೇ ಸುರಿದರೆ ಹೊರಗೆ ಗಟ್ಟಿ, ಒಳಗೆ ಕಾಸ್ಟಿಕ್ ಹಿಡಿದಿಟ್ಟ ಗಂಟುಗಳಾಗುತ್ತವೆ, ಎಷ್ಟು ತೊಳೆದರೂ ಸೋಡಿಯಂ ಹೋಗುವುದಿಲ್ಲ. ಹೆಪ್ಪನ್ನು ಒಂದು ರಾತ್ರಿ ಬಿಟ್ಟು, ಮುರಿದು, ತೊಳೆದ ನೀರಿನಲ್ಲಿ ಉಪ್ಪಿನಂಶ ಸಿಗದಷ್ಟು ಸಲ ತೊಳೆದು, 80ರಿಂದ 120 ಡಿಗ್ರಿಯಲ್ಲಿ ಒಣಗಿಸಬೇಕು. ತೊಳೆಯದೆ ಒಣಗಿಸಿದರೆ ಕೈಗೆ ಬರುವುದು ಅರ್ಧ ಸಿಲಿಕಾ, ಅರ್ಧ ಗ್ಲಾಬರ್ ಲವಣ, ಅಂದರೆ ಸೋಡಿಯಂ ಸಲ್ಫೇಟ್.

ಆ ಲವಣದ ಲೆಕ್ಕವನ್ನೇ ನಾವು ಒತ್ತಿ ಹೇಳಬೇಕಾಗಿದೆ. ಮೂರು ಅಣು ಸಿಲಿಕಾಕ್ಕೆ ಎರಡು ಅಣು ಕಾಸ್ಟಿಕ್ ಎಂದು ಹಿಡಿದರೂ ಒಂದು ಕೆ.ಜಿ. ಸಿಲಿಕಾಕ್ಕೆ 440 ಗ್ರಾಂ ಕಾಸ್ಟಿಕ್, 540 ಗ್ರಾಂ ಗಂಧಕಾಮ್ಲ ಬೇಕು. ಕೊನೆಗೆ ಉಳಿಯುವುದು 790 ಗ್ರಾಂ ಸೋಡಿಯಂ ಸಲ್ಫೇಟ್, ಅದೂ ತೊಳೆದ ನೀರಿನಲ್ಲಿ ಕರಗಿ. ದಿನಕ್ಕೆ ಒಂದು ಟನ್ ಸಿಲಿಕಾ ಮಾಡುವ ಘಟಕ ಮುಕ್ಕಾಲು ಟನ್ನಿಗೂ ಹೆಚ್ಚು ಉಪ್ಪನ್ನು ಹೊರಗೆ ಬಿಡುತ್ತದೆ. ತುಂಗಭದ್ರಾ ಕಾಲುವೆಯ ಕೆಳಭಾಗದ ಹೊಲಗಳು ಈಗಾಗಲೇ ಸವಳು ಹಿಡಿದು ನರಳುತ್ತಿವೆ. ಆ ಮಣ್ಣನ್ನು ಸರಿಪಡಿಸುವ ಸಂಶೋಧನೆಗೆಂದೇ ಗಂಗಾವತಿಯಲ್ಲಿ ಕೇಂದ್ರವೊಂದು ಕೆಲಸ ಮಾಡುತ್ತಿದೆ. ಅದೇ ಊರಿನ ಬೂದಿಯಿಂದ ಸಿಲಿಕಾ ತೆಗೆದು ಅದೇ ಹಳ್ಳಕ್ಕೆ ಸೋಡಿಯಂ ಬಿಡುವುದಾದರೆ ಬೂದಿ ಗುಡ್ಡೆಯೇ ವಾಸಿ.

ಇದಕ್ಕೆ ದಾರಿ ಇದೆ, ಅದೂ ನಮ್ಮ ರಾಜ್ಯದಲ್ಲೇ ರೂಪುಗೊಂಡದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬೆಳೆಸಿದ ವಿಧಾನದಲ್ಲಿ ಆಮ್ಲದ ಬದಲು ಇಂಗಾಲದ ಡೈಆಕ್ಸೈಡ್ ಹಾಯಿಸುತ್ತಾರೆ. ಸಿಲಿಕಾ ಕೆಳಗೆ ಕೂರುತ್ತದೆ, ದ್ರವದಲ್ಲಿ ಸೋಡಿಯಂ ಕಾರ್ಬೊನೇಟ್ ಉಳಿಯುತ್ತದೆ. ಅದಕ್ಕೆ ಸುಣ್ಣ ಹಾಕಿದರೆ ಕಾಸ್ಟಿಕ್ ಮರಳಿ ಹುಟ್ಟಿ ಮುಂದಿನ ಸುತ್ತಿಗೆ ಒದಗುತ್ತದೆ. ಹೊರಬೀಳುವುದು ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್, ಮೇಲಿನ ಲೆಕ್ಕದಲ್ಲೇ ಹೇಳುವುದಾದರೆ ಕೆ.ಜಿ. ಸಿಲಿಕಾಕ್ಕೆ 560 ಗ್ರಾಂ. ಅನಿಲ ನಿಧಾನವಾಗಿ ಹಾಯಬೇಕು, ತೊಳೆತದಲ್ಲಿ ಒಂದಿಷ್ಟು ಕಾಸ್ಟಿಕ್ ಕಳೆದುಹೋಗುತ್ತದೆ, ಸುಣ್ಣ ಒಳ್ಳೆಯದಿರಬೇಕು. ಕಿರಿಕಿರಿ ಇಲ್ಲದ್ದಲ್ಲ. ಹಾಗಿದ್ದರೂ ಭತ್ತದ ನಾಡಿನಲ್ಲಿ ಸಿಲಿಕಾ ಘಟಕಕ್ಕೆ ಸಬ್ಸಿಡಿ ಕೊಡುವುದಾದರೆ ಈ ವಿಧಾನಕ್ಕೆ ಮಾತ್ರ ಕೊಡಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಮತ್ತೆ ನೆನಪಿಡಿ, ಯಾವ ವಿಧಾನವಾದರೂ ಕರಗುವುದು ಹರಳಿಲ್ಲದ ಬೂದಿಯೇ. ಹರಳು ಕಟ್ಟಿದ್ದನ್ನು ತಂದರೆ ಕಾಸ್ಟಿಕ್ ದಂಡ.

ಹಾಗಾದರೆ ಹರಳು ಬೂದಿಗೆ ಗತಿಯೇ ಇಲ್ಲವೇ? ಇದೆ. ಕರಗಿದ ಉಕ್ಕಿನ ಮೇಲೆ ಶಾಖ ಹೋಗದಂತೆ ಹೊದಿಸಲು ಉಕ್ಕಿನ ಕಾರ್ಖಾನೆಗಳು ಹೊಟ್ಟಿನ ಬೂದಿಯನ್ನು ಬಳಸುತ್ತವೆ. 1500 ಡಿಗ್ರಿಯ ಆ ಜಾಗದಲ್ಲಿ ಹರಳು ಬೂದಿಯೇ ತಾಳಿಕೊಳ್ಳುವುದು. ಹೊಲಕ್ಕಾದರೆ ತಣ್ಣಗೆ ಬೆಂದ ಕರಿ ಬೂದಿ ಸರಿ, ಗಿಡ ಎಳೆದುಕೊಳ್ಳಬಲ್ಲ ಸಿಲಿಕಾ ಇರುವುದು ಅದರಲ್ಲಿ. ಸಿಲಿಕಾ ಸಿಕ್ಕ ಭತ್ತ ಸುಲಭವಾಗಿ ನೆಲ ಕಚ್ಚುವುದಿಲ್ಲ, ಬೆಂಕಿ ರೋಗವನ್ನೂ ಹೆಚ್ಚು ತಡೆದುಕೊಳ್ಳುತ್ತದೆ. ಆದರೆ ಬೂದಿ ಕ್ಷಾರ. ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಅದು ಹಿತ, ಸವಳು ಹಿಡಿದ ಎರೆಭೂಮಿಗೆ ಮಣ್ಣು ಪರೀಕ್ಷೆ ಇಲ್ಲದೆ ಟ್ರಾಲಿಗಟ್ಟಲೆ ಸುರಿಯುವುದು ತಪ್ಪು.

ಎಲ್ಲಕ್ಕಿಂತ ಕಡಿಮೆ ಮಾತಾಗುವುದು ಬೂದಿ ತುಂಬುವವರ ಶ್ವಾಸಕೋಶದ ಬಗ್ಗೆ. ಹರಳಿಲ್ಲದ ಸಿಲಿಕಾ ದೂಳು ಕೆಮ್ಮು ತರಿಸೀತು. ಕ್ರಿಸ್ಟೋಬಲೈಟ್ ದೂಳು ಹಾಗಲ್ಲ, ಅದು ಶ್ವಾಸಕೋಶವನ್ನು ಗಟ್ಟಿಯಾಗಿಸುವ ಸಿಲಿಕೋಸಿಸ್ ರೋಗ ತರುತ್ತದೆ. ಕ್ವಾರ್ಟ್ಸ್ ಮತ್ತು ಕ್ರಿಸ್ಟೋಬಲೈಟ್ ರೂಪದ ಸಿಲಿಕಾ ದೂಳನ್ನು ಉಸಿರಾಡುವುದು ಕ್ಯಾನ್ಸರಿಗೂ ಕಾರಣ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಅಮೆರಿಕ 2016ರಲ್ಲಿ ಹಾಕಿಕೊಂಡ ಮಿತಿ, ಎಂಟು ಗಂಟೆಯ ಸರಾಸರಿಯಲ್ಲಿ, ಒಂದು ಘನ ಮೀಟರ್ ಗಾಳಿಯಲ್ಲಿ 50 ಮೈಕ್ರೋಗ್ರಾಂ. ಕಣ್ಣಿಗೆ ಕಾಣುವ ದೂಳು ಮೂಗಿನಲ್ಲೇ ನಿಲ್ಲುತ್ತದೆ, ಒಳಗೆ ಇಳಿಯುವುದು ಕಾಣದ್ದು. ಮುಖಕ್ಕೆ ಸುತ್ತಿದ ಟವೆಲ್ ಅದನ್ನು ತಡೆಯುವುದಿಲ್ಲ, ಎನ್95 ಮಾಸ್ಕ್ ಬೇಕು, ಅದೂ ಮುಖಕ್ಕೆ ಬಿಗಿಯಾಗಿ ಕೂತಿರಬೇಕು. ಬಿಳಿ ಬೂದಿಯನ್ನು ಪರೀಕ್ಷಿಸದೆ ತೆರೆದ ಶೆಡ್ಡಿನಲ್ಲಿ ಬಾಲ್ ಮಿಲ್ಲಿಗೆ ಹಾಕಿ ನುಣ್ಣಗೆ ಅರೆಯುವುದಕ್ಕಿಂತ ಕೆಟ್ಟ ಕೆಲಸ ಈ ಇಡೀ ಉದ್ಯಮದಲ್ಲಿ ಇನ್ನೊಂದಿಲ್ಲ. ಲೋಡು ಮಾಡುವ ಮೊದಲು ನೀರು ಚಿಮುಕಿಸಿದರೆ ದೂಳು ಬಹುಪಾಲು ಅಡಗುತ್ತದೆ. ವೇಬ್ರಿಡ್ಜಿನಲ್ಲಿ ನೀರಿಗೂ ದುಡ್ಡು ಕೊಡಬೇಕಾಗುತ್ತದೆ ಎಂದು ಕೊಳ್ಳುವವರು ಬೇಡ ಎನ್ನುತ್ತಾರೆ. ತೇವಾಂಶ ಅಳೆದು ತೂಕದಲ್ಲಿ ಕಳೆಯುವುದು ಹತ್ತು ನಿಮಿಷದ ಕೆಲಸ.

ನಮ್ಮ ಕೋರಿಕೆ ದೊಡ್ಡದಲ್ಲ. ಮಿಲ್ಲಿನವರು ಜಾಲರಿಯ ಕೆಳಗೆ ಬೀಳುವ ಬೂದಿಯನ್ನೂ ಚಿಮಣಿಯ ದೂಳುಹಿಡಿಕೆಯಲ್ಲಿ ಸಿಗುವ ಬೂದಿಯನ್ನೂ ಒಂದೇ ಗುಡ್ಡೆಗೆ ಸೇರಿಸಬಾರದು. ಬೇರೆ ಬಿಸಿ, ಬೇರೆ ಹೊತ್ತು ಕಂಡ ಇವೆರಡರ ಗುಣವೂ ಬೇರೆ. ಒಲೆಯಲ್ಲಿ ಬಿಸಿ ಅಳೆಯುವ ಒಂದು ಥರ್ಮೋಕಪಲ್ ಕೂರಿಸಿ, ಬಿಸಿಯನ್ನು ಗಂಟೆಗೊಮ್ಮೆ ಬರೆದಿಡಬೇಕು. ಲೋಕೋಪಯೋಗಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಎಂಜಿನಿಯರುಗಳು ಕರಿಯ ಪಾಲು, ಕರಗುವಿಕೆ, ಐಎಸ್ 1727ರ ಸುಣ್ಣದ ಪರೀಕ್ಷೆ (ಸುಣ್ಣ ಬೆರೆಸಿದ ಬೂದಿ ಎಷ್ಟು ಬಲ ಪಡೆಯುತ್ತದೆ ಎಂಬುದು), ಈ ಮೂರರ ಫಲಿತಾಂಶ ಇಲ್ಲದ ಬೂದಿಯನ್ನು ಕಾಮಗಾರಿಗೆ ಒಪ್ಪಬಾರದು. ಸುಣ್ಣದ ಪರೀಕ್ಷೆಗೆ ಹತ್ತು ದಿನ ಹಿಡಿಯುತ್ತದೆ. ಎರಡು ದಿನ ಅಚ್ಚಿನಲ್ಲಿ, ಎಂಟು ದಿನ 50 ಡಿಗ್ರಿಯ ತೇವದಲ್ಲಿ. ಹಾರುಬೂದಿಗೆ ಕೇಳುವ ಕನಿಷ್ಠ ಬಲವಾದ ಚದರ ಮಿ.ಮೀ.ಗೆ 4.5 ನ್ಯೂಟನ್ ಇದಕ್ಕೂ ಇರಲಿ. ಭತ್ತದ ತಳಿ, ಹಂಗಾಮು ಬದಲಾದಾಗ, ಬಾಯ್ಲರಿನ ಜಾಲರಿ ಅಥವಾ ಫ್ಯಾನ್ ಬದಲಿಸಿದಾಗ ಮಾದರಿಯನ್ನು ಹೊಸದಾಗಿ ತೆಗೆಯಬೇಕು. ಮುಂಗಾರಿನ ಬೆಳೆಗೆ ಕೊಟ್ಟ ವರದಿಯನ್ನು ಬೇಸಿಗೆ ಬೆಳೆಯ ಬೂದಿಗೆ ಅಂಟಿಸುವಂತಿಲ್ಲ.

– ರಸಾಯನಶಾಸ್ತ್ರ ಮತ್ತು ಸಿವಿಲ್ ಎಂಜಿನಿಯರಿಂಗ್ ಬೋಧಿಸುವ ಕೆಲವು ಅಧ್ಯಾಪಕರು, ಕೊಪ್ಪಳ ಜಿಲ್ಲೆ